ಏಳನೆಯವನ ಮೂಲೆ

ನಮ್ಮ ಓಣಿಯ ಕಬಡ್ಡಿ ತಂಡ ಏಳು ಮಂದಿಯ ಆಟವನ್ನು ಆರೇ ಮಂದಿಯಿಂದ ಆಡುತ್ತಿತ್ತು. ಹುಡುಗರು ಸಿಗಲಿಲ್ಲ ಅಂತ ಅಲ್ಲ. ಬಲಗಡೆಯ ಹಿಂದಿನ ಮೂಲೆ, ಆಟದವರು ಕಾರ್ನರ್ ಅನ್ನುತ್ತಾರಲ್ಲ, ಆ ಜಾಗ ನನ್ನ ಮೈದುನನದು. ಅವನು ತೀರಿಕೊಂಡ ಮೇಲೆ ಎರಡನೆಯ ಸುಗ್ಗಿ ಬಂದರೂ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ.

ನಾನು ಆಟ ಆಡಿದವಳಲ್ಲ. ಆದರೆ ಮಠದ ಅಂಗಳವೇ ಅವರ ಬಯಲು, ಆ ಅಂಗಳಕ್ಕೆ ನಮ್ಮ ಅಡುಗೆಮನೆಯ ಕಿಟಕಿ ತೆರೆಯುತ್ತದೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಕಲಿತದ್ದು ನನ್ನ ಕಬಡ್ಡಿ. ಆಳಂದದ ಕಡೆಯಿಂದ ಈ ಉಮರ್ಗಾ ತಾಲೂಕಿಗೆ ಸೊಸೆಯಾಗಿ ಬಂದಾಗ ಮರಾಠಿ ಬರುತ್ತಿರಲಿಲ್ಲ. ಆಟಕ್ಕೆ ಭಾಷೆ ಬೇಕಾಗಿಲ್ಲವಲ್ಲ, ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಎದುರಾಳಿ ಉಸಿರು ಹಿಡಿದು ಒಳಗೆ ಬರುತ್ತಾನೆ. ಮೂಲೆಯವನು ಬಗ್ಗಿ, ನೆಲಕ್ಕೆ ಅಂಟಿಕೊಂಡವನ ಹಾಗೆ ಕಾಯುತ್ತಾನೆ. ಬಂದವನ ಕಾಲು ಎಟುಕಿತೋ, ಹರಡು ಹಿಡಿದು ಕೆಡವುತ್ತಾನೆ. ನನ್ನ ಮೈದುನನದು ಉಡದ ಹಿಡಿತ. ಅವನ ಕೈಗೆ ಕಾಲು ಕೊಟ್ಟವನು ಉಸಿರು ಬಿಡುವವರೆಗೆ ಅವನು ಬಿಡುತ್ತಿರಲಿಲ್ಲ.

ಅವನನ್ನು ತೆಗೆದುಕೊಂಡದ್ದು ಸಿಡಿಲು. ಬೇಸಿಗೆಯ ಕೊನೆಗೆ ನಮ್ಮಲ್ಲಿ ಹೊತ್ತಲ್ಲದ ಹೊತ್ತಿನ ಮಳೆ ಬರುತ್ತದೆ, ಅವಕಾಳಿ ಅನ್ನುತ್ತಾರೆ. ಹೊಲದಲ್ಲಿ ಎಮ್ಮೆ ಬಿಚ್ಚಲು ಹೋದವನು ಬೇವಿನ ಗಿಡದ ಕೆಳಗೆ ನಿಂತಿದ್ದ. ಎಮ್ಮೆ ಉಳಿಯಿತು. ಅವನ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಮುಖ ನಿದ್ದೆ ಹತ್ತಿದವನ ಮುಖದ ಹಾಗೇ ಇತ್ತು. ತಾಯಿ ಆ ಮುಖ ನೋಡುವ ಹಾಗೆ ಉಳಿಸಿದನಲ್ಲ ದೇವರು, ಅದನ್ನು ನಾನು ಅವನ ದಯೆಯ ಲೆಕ್ಕಕ್ಕೇ ಹಿಡಿದಿದ್ದೇನೆ. ನಮ್ಮಲ್ಲಿ ಮಲಗಿಸಿ ಮಣ್ಣು ಕೊಡುವುದಿಲ್ಲ. ಕೂರಿಸಿ ಕೊಡುತ್ತೇವೆ. ಹೊಲದ ಬದುವಿನ ಹತ್ತಿರ, ಕೈಯಲ್ಲಿ ಲಿಂಗ ಇಟ್ಟು, ಅವನನ್ನೂ ಕೂರಿಸಿ ಬಂದೆವು.

ಅದಾದ ಮೇಲೆ ಮೊದಲ ಆಟ ಲೋಹಾರಾದಲ್ಲಿ ಇತ್ತು. ತಂಡದ ಕ್ಯಾಪ್ಟನ್ ನಮ್ಮ ಪಕ್ಕದ ಮನೆಯವನು, ಮೈದುನನ ಜೊತೆ ಅಂಗಿ ಬದಲಿಸಿ ಹಾಕಿಕೊಂಡು ಬೆಳೆದವನು. ಆ ಮೂಲೆಗೆ ಯಾರನ್ನು ನಿಲ್ಲಿಸಬೇಕು ಅಂದಾಗ ಯಾರೂ ಮುಂದೆ ಬರಲಿಲ್ಲವಂತೆ. ಆರು ಮಂದಿಯೇ ಇಳಿದರು. ಅವತ್ತು ಗೆದ್ದರು. ಕ್ಯಾಪ್ಟನ್ ನೆಟ್ಟಗೆ ನಮ್ಮ ಮನೆಗೆ ಬಂದು ನಮ್ಮತ್ತಿಯ ಕಾಲ ಹತ್ತಿರ ಕೂತ.

"ಆಯೀ, ಅಂವಾ ಔಟ್ ಆಗ್ಯಾನ ಅಂತ ತಿಳೀರಿ. ಗೆರಿ ಹೊರಗ ಕುಂತಾನ, ಅಷ್ಟೇ. ಅಂವನ ಜಾಗಾ ನಾವು ಯಾರಿಗೂ ಕೊಡಲ್ಲ."

ಪ್ರೀತಿಯಿಂದ ಆಡಿದ ಮಾತು. ಆದರೆ ಅದನ್ನು ಯಾರ ಮುಂದೆ ಆಡಿದ ಅಂತ ಅವನು ಯೋಚಿಸಲಿಲ್ಲ, ನಾವೂ ಯೋಚಿಸಲಿಲ್ಲ. ಕಬಡ್ಡಿಯಲ್ಲಿ ಔಟಾದವನು ಗೆರೆಯ ಹೊರಗೆ ಹೋಗಿ ಕೂರುತ್ತಾನೆ. ಅವನ ಕಡೆಯವರು ಒಬ್ಬನನ್ನು ಹಿಡಿದರೆ, ಮೊದಲು ಕೂತವನು ಮೊದಲು ಎದ್ದು ಒಳಗೆ ಬರುತ್ತಾನೆ. ನಮ್ಮ ಕಡೆ ಹಿರಿಯರು ಔಟ್ ಅನ್ನುವುದಿಲ್ಲ, ಸತ್ತ ಅನ್ನುತ್ತಾರೆ. ಎದ್ದು ಬಂದರೆ ಜೀವ ಬಂತು ಅನ್ನುತ್ತಾರೆ. ನಮ್ಮತ್ತಿ ಹುಟ್ಟಿದಾಗಿನಿಂದ ಆ ಮಾತು ಕೇಳಿ ಬೆಳೆದವಳು. ಎಂಟೆದೆಯ ಹೆಂಗಸು, ಮಗನ ಮಣ್ಣಿನಲ್ಲಿ ಕಣ್ಣೀರು ಹಾಕಲಿಲ್ಲ. ಅದನ್ನು ಎಲ್ಲರೂ ಗಟ್ಟಿತನ ಅಂದುಕೊಂಡರು.

ಅಂದಿನಿಂದ ಸಂಜೆ ಸಂಜೆ ಆಕೆ ಮಠದ ಕಟ್ಟೆಯ ಮೇಲೆ ಕೂತು ಹುಡುಗರ ಆಟ ನೋಡುತ್ತಿದ್ದಳು. ಆಟ ಅಂದೆನಲ್ಲ, ನೋಡುತ್ತಿದ್ದದ್ದು ಆ ಮೂಲೆ. ನಸುಕಿನಲ್ಲಿ ಅಂಗಳ ಕಸ ಹೊಡೆಯುವವಳು ನಾನು. ಮೈದುನ ಹಿಮ್ಮಡಿ ಊರಿ ಊರಿ ಅಲ್ಲೊಂದು ಗುಳಿ ಬಿದ್ದಿತ್ತು. ಮಣ್ಣು ಹಾಕಿ ತುಂಬಿದರೆ ನಾಲ್ಕು ದಿನಕ್ಕೆ ಮತ್ತೆ ತಗ್ಗು. ಕರಿಮಣ್ಣು, ಕುಸಿಯುವುದು ಅದರ ಗುಣ. ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡು, ಪೊರಕೆಯನ್ನು ಸುತ್ತು ಹಾಯಿಸಿ ಬರುತ್ತಿದ್ದೆ.

ಖಾಲಿ ಮೂಲೆ ಅಂದರೆ ಎದುರಾಳಿಗೆ ಹಬ್ಬ ಆಗಬೇಕು. ಮೊದಮೊದಲು ಆಗಲಿಲ್ಲ. ಬೇರೆ ಊರಿನವರು ಆ ಕಡೆ ಕಾಲು ಹಾಕಲು ಹಿಂಜರಿಯುತ್ತಿದ್ದರು. ಶಿರೂರ ಅನಂತಪಾಳದ ಕಡೆಯ ಒಬ್ಬ ಆಟಗಾರ ಅಲ್ಲಿ ಮುಗ್ಗರಿಸಿ, ಹರಡು ಹಿಡಿದುಕೊಂಡು ಕೂತು, ಯಾರೋ ಹಿಡದ್ರು ಅಂದನಂತೆ. ನಾನು ಕಂಡಿಲ್ಲ, ಕಾಣದ್ದನ್ನು ಕಂಡೆ ಅನ್ನುವುದಿಲ್ಲ. ಆದರೆ ಸತ್ತವರ ಹೆದರಿಕೆ ಎಷ್ಟು ದಿನ ನಿಲ್ಲುತ್ತದೆ? ಬರಬರುತ್ತ ಎಲ್ಲರೂ ಆ ಮೂಲೆಯಿಂದಲೇ ನುಗ್ಗಿದರು, ನಮ್ಮವರು ಸೋಲುತ್ತ ಹೋದರು.

ಆಗ ಬಂತು ಆ ಸುದ್ದಿ. ಗಡಿಯಾಚೆ, ಬೀದರ ಕಡೆಯ ಒಬ್ಬ ಆಟಗಾರ. ಬಲ ಮೂಲೆಯಲ್ಲಿ ನಿಂತರೆ ಮುಗಿಯಿತು ಅನ್ನುವ ಹೆಸರು. ಅವನು ಆಡುತ್ತಿದ್ದ ತಂಡ ಒಡೆದು ಹೋಗಿತ್ತು, ಯಾರಿಗೂ ಕಟ್ಟುಬಿದ್ದವನಲ್ಲ, ಕರೆದರೆ ಬರುತ್ತಾನೆ. ಆದರೆ ರೇಟು ಕೇಳಿದವರು ನೀರು ಕುಡಿಯುವ ಹಾಗಿತ್ತು.

ನಮ್ಮ ಮನೆಯವರು, ಅಂದರೆ ಸತ್ತವನ ಅಣ್ಣ, ತಂಡದ ಕೋಚ್. ತಂಡ ನಡೆಸುವ ಮಂಡಳದ ಸಭೆ ನಮ್ಮ ಪಡಸಾಲೆಯಲ್ಲೇ ಕೂಡಿತು. ಅಧ್ಯಕ್ಷರು ಗೊಬ್ಬರದ ಅಂಗಡಿಯವರು.

"ಅಂವಾ ಕೇಳೋ ರೇಟಿನಾಗ ಮಠಕ್ಕ ತಗಡಿನ ಪತ್ರಾ ಹೊದಿಸಬಹುದು," ಅಂದ ಕ್ಯಾಪ್ಟನ್.

"ಪತ್ರಾ ಕಾಲ್ ಹಿಡೀತಾವೇನಪಾ?" ಅಂದರು ನಮ್ಮ ಮನೆಯವರು.

"ಹಿಡಿಯಲ್ಲ, ಖರೆ. ಆದ್ರ ಪತ್ರಾ ಮುಂದಿನ ವರ್ಷ ಹೆಚ್ಚಿಗಿ ರೊಕ್ಕ ಕೊಟ್ಟವರ ಮಠಕ್ಕ ಹೋಗಿ ಕೂಡಂಗಿಲ್ಲಲ್ಲ ಅಣ್ಣಾ."

ಎಲ್ಲರೂ ನಕ್ಕರು. ಅಧ್ಯಕ್ಷರು ಮೊಣಕಾಲು ತಟ್ಟಿ, "ರೊಕ್ಕದ ಮಾತ ನಂಗ ಬಿಡ್ರಿ. ಬನಿಯನ್ ಮ್ಯಾಲ ನಮ್ಮ ದುಕಾನಿನ ಹೆಸರು ಇರಬೇಕು. ಹಿಂದ ಅಲ್ಲ, ಮುಂದ," ಅಂದರು.

"ಮುಂದ ಹಾಕಿದ್ರ ಯಾರಿಗಿ ಕಾಣಸ್ತದ್ರಿ ಶೇಟ? ಬಗ್ಗಿ ನಿಂದ್ರೋ ಆಟ," ಅಂತ ಯಾರೋ ಅಂದರು. ಮತ್ತೆ ನಗು.

ನಾನು ಚಹಾ ತಂದು ಇಡುತ್ತಿದ್ದೆ. ನಮ್ಮತ್ತಿ ಒಳಬಾಗಿಲ ಹೊಸ್ತಿಲ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಬರೋನು ಬರ್ಲಿ. ನಿಂದ್ರೋದು ಎಲ್ಲಿ?"

ಬಲ ಮೂಲೆಯ ಆಟಗಾರನನ್ನು ಕರೆಸುವುದು ಬಲ ಮೂಲೆಗಾಗಿ ಅಂತ ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಮಠದ ಅಯ್ಯನವರೂ ಇದ್ದರು. ಅವರೇ ದಾರಿ ತೋರಿಸಿದರು. "ಜಗಳ ಯಾಕ? ಸೋಮವಾರ ಕೌಲ್ ಹಚ್ಚೋಣು."

ಕೌಲ್ ಅಂದರೆ ದೇವರನ್ನು ಕೇಳುವುದು. ಪೂಜೆ ಆದ ಮೇಲೆ ಲಿಂಗದ ಬಲಕ್ಕೊಂದು ಎಡಕ್ಕೊಂದು ಹೂವಿನ ಪಕಳಿ ನೀರಿನಿಂದ ಅಂಟಿಸುತ್ತಾರೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳುತ್ತಾರೆ, ಬಾಯಿ ಬಿಟ್ಟು ಹೇಳುವ ಪದ್ಧತಿ ಇಲ್ಲ. ನೀರು ಆರಿದ ಹಾಗೆ ಪಕಳಿ ಜಾರುತ್ತದೆ. ಮೊದಲು ಬಲದ್ದು ಬಿದ್ದರೆ ದೇವರು ಹೂಂ ಅಂದ, ಎಡದ್ದು ಬಿದ್ದರೆ ಬೇಡ ಅಂದ. ನನ್ನ ಮದುವೆಗೂ ಕೇಳಿದ್ದರಂತೆ. ಬಲದ್ದೇ ಬಿದ್ದಿತ್ತು, ನಾನು ಇಲ್ಲಿ ರೊಟ್ಟಿ ಬಡಿಯುತ್ತಿದ್ದೇನೆ.

ಸೋಮವಾರ ಮುಂಜಾನೆ ಗುಡಿಯಲ್ಲಿ ನಾವು ನಾಲ್ಕೇ ಮಂದಿ: ಅಯ್ಯನವರು, ನಮ್ಮ ಮನೆಯವರು, ನಮ್ಮತ್ತಿ, ನೀರಿನ ಕೊಡ ಹಿಡಿದ ನಾನು. ಬಿಳಿ ಕಣಗಿಲೆಯ ಪಕಳಿ ಅಂಟಿಸಿದರು. ನಮ್ಮ ಮನೆಯವರು ಕೈ ಮುಗಿದರು. ಪಕ್ಕದಲ್ಲಿ ನಮ್ಮತ್ತಿಯೂ ಕೈ ಮುಗಿದಿದ್ದಳು. ತಾಯಿ ಕೈ ಮುಗಿಯಬಾರದು ಅಂತ ಯಾರು ಹೇಳುತ್ತಾರೆ? ಎಣ್ಣೆದೀಪದ ಬತ್ತಿ ಚಿಟಿಚಿಟಿ ಅನ್ನುತ್ತಿತ್ತು. ಬಲಗಡೆಯ ಪಕಳಿ ಸುಮ್ಮನೆ ಜಾರಿ ಪಾಣಿಪೀಠದ ಮೇಲೆ ಬಿತ್ತು.

ನಮ್ಮ ಮನೆಯವರ ಮುಖ ಅರಳಿತು. ನೋಡಿದರೆ ನಮ್ಮತ್ತಿಯ ಮುಖವೂ ಅರಳಿದೆ.

"ದೇವರು ಹೂಂ ಅಂದ," ಅಂದಳು. "ಜಾಗಾ ಖಾಲಿ ಇರ್ತದ."

"ಏನ್ ಕೇಳ್ದೀ ಅವ್ವಾ?"

"ನನ್ನ ಮಗನ ಜಾಗಾ ಹಂಗೇ ಇರ್ಲೇನು ಅಂತ ಕೇಳ್ದೆ. ನೀ ಏನ್ ಕೇಳ್ದಿ?"

ಅವರು ಕರೆಸಲೇನು ಅಂತ ಕೇಳಿದ್ದರು. ಒಂದು ಜೊತೆ ಪಕಳಿಗೆ ಎರಡು ಮನಸ್ಸು. ಅಯ್ಯನವರು ವಿಭೂತಿಯ ಕೈಯನ್ನು ಹಣೆಗೆ ಇಟ್ಟುಕೊಂಡರು.

"ತಿರುಗಿ ಹಚ್ಚಾಕ ಬರಲ್ಲೇನ್ರಿ ಅಯ್ಯನವರೇ?"

"ದೇವರಿಗಿ ಕಿವಿ ಮಂದ ಅವ ಏನೋ ತಮ್ಮಾ, ಎರಡೆರಡು ಸಲ ಕೇಳಾಕ? ಎರಡಕ್ಕೂ ಹೂಂ ಅಂದಾನ. ಎರಡೂ ನಡಸ್ರಿ."

ಹೀಗಾಗಿ ಬಲ ಮೂಲೆಗೆ ಅಂತ ಅಷ್ಟು ರೊಕ್ಕ ಸುರಿದು ಕರೆಸಿದವನನ್ನು ಎಡ ಮೂಲೆಯಲ್ಲಿ ನಿಲ್ಲಿಸುವುದು ಅಂತಾಯಿತು. ಎಡ ಮೂಲೆಯವನು ಒಂದು ಹೆಜ್ಜೆ ಒಳಗೆ ಸರಿದ, ಒಬ್ಬ ಹುಡುಗ ಹೊರಗೆ ಕೂತ. ಆರು ಆರೇ ಉಳಿಯಿತು.

ಅವನು ಕಾಸಾರಶಿರಸಿಯಲ್ಲಿ ಬಸ್ ಇಳಿದ, ನಮ್ಮ ಮನೆಯವರು ಗಾಡಿಯ ಮೇಲೆ ಕರೆದುಕೊಂಡು ಬಂದರು. ಬಾಗಿಲು ತುಂಬುವ ಆಳು, ಮಾತು ಮಾತ್ರ ಮೆತ್ತಗೆ. ಎಲ್ಲಿ ನಿಲ್ಲಬೇಕು ಅಂತ ಕೇಳಿ ತಲೆ ಕೆರೆದುಕೊಂಡ.

"ನನ್ನ ರೇಟು ಬಲಗಡಿದು ರೀ. ಎಡಗಡಿ ನಿಂದ್ರಿಸಿದ್ರ ಸಸ್ತಾ ಆಗಲ್ಲ ನೋಡ್ರಿ."

"ಸಸ್ತಾ ಮಾಡು ಅಂತ ಯಾರಂದ್ರು? ನಿಂದ್ರು ಅಂದೀವಿ," ಅಂದರು ಇವರು.

ಊಟ ವಸತಿ ಕೋಚ್‌ನ ಮನೆಯಲ್ಲಿ ಅನ್ನುವುದು ನಮ್ಮ ಮಂಡಳದ ರೂಢಿ. ಮೈದುನನ ಕೋಣೆಯನ್ನೇ ಕೊಟ್ಟೆವು, ಬೇರೆ ಕೋಣೆ ಇರಲಿಲ್ಲ. ಅವನಿಗೆ ದಿನಾ ಮೊಟ್ಟೆ ಬೇಕು. ನಮ್ಮ ಒಲೆಯ ಮೇಲೆ ಮೊಟ್ಟೆ ಇಟ್ಟವರಿಲ್ಲ. ನಮ್ಮತ್ತಿ ಹಿತ್ತಲಿಗೆ ಮೂರು ಕಲ್ಲು ತೋರಿಸಿ, "ಅಲ್ಲಿ ಬೇಯಿಸ್ಕೋ ನನಪ್ಪಾ. ಸಿಪ್ಪಿ ಕಾಗಿ ತಂದು ನಮ್ಮ ಬಾವಿಗಿ ಹಾಕದಂಗ ನೋಡ್ಕೋ," ಅಂದಳು. ಅವನು ಸಿಪ್ಪೆಗಳನ್ನು ಮಣ್ಣಲ್ಲಿ ಹೂಳುತ್ತಿದ್ದ. ದೊಡ್ಡ ದೇಹದವನು ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ತೋಡುವುದನ್ನು ನೋಡಿ ನನ್ನ ಅರ್ಧ ಸಿಟ್ಟು ಇಳಿಯಿತು. ಗ್ಯಾಸು ತಿಂಗಳು ಪೂರಾ ಬಂತು, ಎಮ್ಮೆ ಹಾಲು ತಪ್ಪಿಸಲಿಲ್ಲ, ಬಂದವನು ಉಪ್ಪು ಖಾರ ಅನ್ನದೆ ಉಂಡ. ಇದಕ್ಕಿಂತ ಏನು ಬೇಡಲಿ.

ಮೊದಲ ಸಂಜೆಯೇ ಅವನು ಒಬ್ಬನನ್ನು ಹಿಡಿದ. ಹರಡಿಗೆ ಕೈ ಬಿದ್ದದ್ದೇ ಕಾಣಲಿಲ್ಲ, ಓಡುತ್ತಿದ್ದವನು ಮಣ್ಣಲ್ಲಿ ಬೋರಲು ಬಿದ್ದಿದ್ದ. ಹುಡುಗರು ಹೋ ಅಂದರು. ಕಿಟಕಿಯಿಂದ ನಾನು ನೋಡುತ್ತಿದ್ದೆ. ಕಟ್ಟೆಯ ಮೇಲಿನ ನಮ್ಮತ್ತಿ ಎದ್ದು ನಿಂತಳು. ಆಟದ ಕಡೆ ನೋಡಲಿಲ್ಲ. ಹೊಲದ ದಾರಿಯ ಕಡೆ ನೋಡಿದಳು. ಸ್ವಲ್ಪ ಹೊತ್ತು ನಿಂತು ಮತ್ತೆ ಕೂತಳು. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ.

ಅವನು ಇನ್ನೊಬ್ಬನನ್ನು ಹಿಡಿದ. ಆಕೆ ಮತ್ತೆ ಎದ್ದಳು.

ದಿನಾ ಹೀಗೇ ನಡೆಯಿತು. ಅವನು ಹಿಡಿದಾಗೊಮ್ಮೆ ಆಕೆ ಏಳುವುದು, ದಾರಿ ನೋಡುವುದು, ಕೂರುವುದು. ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದಾಗ ಒಳಗೆ ಬಂದು, "ಒಂದ್ ರೊಟ್ಟಿ ಹೆಚ್ಚಿಗಿ ಬಡಿ ತಂಗೀ," ಅಂದಳು.

"ಯಾರರೆ ಬರ್ತಾರೇನ್ರಿ ಅತ್ತೀ?"

"ಇವತ್ತ ಎಷ್ಟ್ ಮಂದಿಗಿ ಹಿಡದ ನೋಡ್ದಿಲ್ಲೇನು? ಹೊರಗ ಕುಂತವರು ಏಳೋ ಹೊತ್ತು ಆಗ್ಯದ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಆಗ ತಿಳಿಯಿತು ನನಗೆ. ಕ್ಯಾಪ್ಟನ್ ಆಡಿದ ಮಾತನ್ನು ಈಕೆ ಮಾತಿಗೆ ತೆಗೆದುಕೊಂಡಿರಲಿಲ್ಲ, ನಿಜಕ್ಕೆ ತೆಗೆದುಕೊಂಡಿದ್ದಳು. ಮಗ ಕೂತಿದ್ದಾನೆ. ನಾವೇ ಕೂರಿಸಿ ಬಂದಿದ್ದೇವೆ. ತಂಡದಲ್ಲಿ ಹಿಡಿಯುವವರಿಲ್ಲದ್ದಕ್ಕೆ ಇಷ್ಟು ದಿನ ಅವನಿಗೆ ಏಳಲು ಆಗಲಿಲ್ಲ. ಈಗ ಹಿಡಿಯುವವನು ಬಂದಿದ್ದಾನೆ, ಜಾಗವೂ ಖಾಲಿ ಇದೆ, ದೇವರು ಎರಡಕ್ಕೂ ಹೂಂ ಅಂದಿದ್ದಾನೆ. ಆಕೆಯ ಲೆಕ್ಕದಲ್ಲಿ ತಪ್ಪು ಎಲ್ಲಿತ್ತು? ರೊಟ್ಟಿ ಬಡಿದೆ. ಯಾರೂ ಬರಲಿಲ್ಲ. ಮುಂಜಾನೆ ಎಮ್ಮೆಗೆ ಹಾಕಿದೆ.

ಮಾರನೆಯ ದಿನ ನಮ್ಮ ಮನೆಯವರು ಬಚ್ಚಲ ಹತ್ತಿರ ಮುಖ ತೊಳೆಯುವಾಗ ಹೇಳಿದೆ. ಟವೆಲ್ ಮುಖದ ಮೇಲೇ ಇಟ್ಟುಕೊಂಡು ನಿಂತರು.

"ಅವ್ವ ಹಂಗ ಅಂದ್ಳಾ?"

"ಅಂದ್ಳು. ಇಂವನಿಗಿ ವಾಪಸ್ ಕಳಸ್ರಿ."

"ಹ್ಯಾಂಗ ಕಳಸ್ಲಿ? ರೊಕ್ಕ ಕೊಟ್ಟಾಗ್ಯದ. ಏನಂತ ಹೇಳ್ಲಿ, ನೀ ಭಾಳ ಛಲೋ ಆಡ್ತಿ, ಅದಕ್ಕ ಹೋಗು ಅಂತ ಹೇಳ್ಲೇನು?" ಆಮೇಲೆ ಮೆಲ್ಲಗೆ ಅಂದರು, "ಆ ಮೂಲಿ ನನಗೂ ನೋಡಾಕ ಆಗಲ್ಲ. ಯಾರರೆ ಬಂದು ತುಂಬಲಿ ಅಂತ ಕರಸ್ದೆ ನಾ."

ಇಬ್ಬರೂ ಮಕ್ಕಳೇ ಆಕೆಗೆ. ಒಬ್ಬ ಕೂತಿದ್ದ, ಒಬ್ಬ ನಿಂತಲ್ಲೇ ಕುಸಿಯುತ್ತಿದ್ದ. ನಾನು ನೀರಿನ ಚೊಂಬು ತುಂಬಿ ಅವರ ಕೈಗೆ ಕೊಟ್ಟು ಒಳಗೆ ಬಂದೆ.

ಅದೇ ವಾರ ಆಟಗಾರ ಹಿತ್ತಲಲ್ಲಿ ಮೊಟ್ಟೆ ಸುಲಿಯುತ್ತಿದ್ದ, ನಮ್ಮತ್ತಿ ಅವನ ಎದುರು ಹೋಗಿ ನಿಂತಳು. ಹಿತ್ತಲ ಬಾಗಿಲಲ್ಲಿ ನಾನಿದ್ದೆ.

"ಇನ್ನೂ ಎಷ್ಟ್ ಹಿಡೀಬೇಕಪ್ಪಾ?"

ಅವನು ಆಟದ ಮಾತು ಅಂದುಕೊಂಡ. "ಎಷ್ಟ್ ಬೇಕೋ ಅಷ್ಟ್ ಹಿಡೀತೀನಿ ಆಯೀ. ಮುಂದ ಉದಗೀರದ ಆಟದಾಗ ನೋಡ್ರಿ, ಒಬ್ಬನ್ನೂ ಬಿಡಲ್ಲ."

ಆಕೆ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಅವನ ಎರಡೂ ಕೈಗೆ ಹಚ್ಚಿದಳು. ಮೊಟ್ಟೆ ಮುಟ್ಟಿದ ಕೈ. ಅದನ್ನೂ ನೋಡಲಿಲ್ಲ. ಆಕೆ ಒಳಗೆ ಹೋದ ಮೇಲೆ ಅವನು ಕೈಗಳನ್ನೇ ನೋಡಿಕೊಳ್ಳುತ್ತ, "ಆಯಿ ಯಾಕ ಹಂಗ ಕೇಳಿದ್ರು ವೈನೀ?" ಅಂದ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಉಳಿದ ಮೊಟ್ಟೆ ತಿನ್ನಲಿಲ್ಲ.

ಅವತ್ತು ಸಂಜೆಯಿಂದ ಅವನ ಕೈ ಸಡಿಲಾಯಿತು. ಕಾಲು ಎದುರಿಗೇ ಬರುತ್ತಿತ್ತು, ಅವನು ಬಿಡುತ್ತಿದ್ದ. ಹುಡುಗರು ಅವನ ಮುಂದೆಯೇ ಮರಾಠಿಯಲ್ಲಿ ಆಡಿಕೊಂಡರು, ಮಾಲು ತುಟ್ಟಿ, ಒಳಗೆ ಟೊಳ್ಳು ಅಂತ. ನಮ್ಮ ಮನೆಯವರು ಪಕ್ಕಕ್ಕೆ ಕರೆದು, "ಏನ್ ಆಗ್ಯದ ನಿನಗ? ಮಂಡಳದವರಿಗಿ ನಾ ಏನ್ ಮಾರಿ ತೋರಿಸ್ಲಿ?" ಅಂತ ಕೇಳಿದರು.

"ಹಿಡದ್ರ ಆಯಿ ಏಳ್ತಾರ ರೀ," ಅಂದ ಅವನು. "ನಂಗ ಕೈ ಬರಲ್ಲ."



ಉದಗೀರದ ಆಟದ ದಿನ ನಮ್ಮತ್ತಿ ನಾನೂ ಬರುತ್ತೇನೆ ಅಂತ ಹಟ ಹಿಡಿದಳು. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಒಂದು ಸಣ್ಣ ಗಂಟು ಹಿಡಿದು ಜೀಪಿನಲ್ಲಿ ನನ್ನ ಪಕ್ಕ ಕೂತಳು. ಗಂಟಿನಲ್ಲಿ ಏನು ಅಂತ ಕೇಳಿದೆ. ಬಿಚ್ಚಿ ತೋರಿಸಿದಳು. ಮೈದುನನ ಆಟದ ಬನಿಯನ್, ಒಗೆದು ಮಡಚಿದ್ದು.

"ಎದ್ದು ಬಂದ್ರ ಏನ್ ಹಾಕ್ಕೋತಾನ?" ಅಂದಳು, ನಾನೇ ತಿಳಿಯದವಳು ಅನ್ನುವ ಹಾಗೆ.

ನಿಲಂಗಾ ದಾಟುವವರೆಗೂ ನಾನು ಪಂಚಾಕ್ಷರಿ ಜಪಿಸುತ್ತಲೇ ಇದ್ದೆ. ಏನು ಬೇಡಬೇಕು ಅಂತ ತಿಳಿಯದೆ ಬರೀ ಹೆಸರು ಹೇಳುತ್ತ ಕೂತೆ.

ಉದಗೀರದಲ್ಲಿ ಮಣ್ಣಿನ ಬಯಲಲ್ಲ, ಮ್ಯಾಟು ಹಾಸಿದ್ದರು. ಹೆಂಗಸರಿಗೆ ಒಂದು ಬದಿ ಕುರ್ಚಿ ಇದ್ದವು. ನಮ್ಮವರು ಆರು ಮಂದಿ ಇಳಿದದ್ದೇ ಪಂಚರು ಸೀಟಿ ಊದಿದರು. ಸಣ್ಣ ಊರಿನ ಆಟದಲ್ಲಿ ಹೇಗೋ ನಡೆದಿತ್ತು. ಇಲ್ಲಿ ಶುರುವಿಗೆ ಏಳು ಮಂದಿ ನಿಲ್ಲಲೇಬೇಕು, ಇಲ್ಲವೆಂದರೆ ಆಡದೆ ಸೋತ ಹಾಗೆ. ನಮ್ಮ ಮನೆಯವರು ಕೈ ಮಾಡಿ ಆಟಗಾರನಿಗೆ ಬಲಕ್ಕೆ ಸರಿ ಅಂದರು, ಹೊರಗೆ ಕೂತ ಹುಡುಗನಿಗೆ ಎಡಕ್ಕೆ ಹೋಗು ಅಂದರು. ಆಟಗಾರ ಅಲ್ಲಾಡಲಿಲ್ಲ. ನಮ್ಮ ಕುರ್ಚಿಗಳ ಕಡೆ ನೋಡುತ್ತ ನಿಂತ.

ನಮ್ಮತ್ತಿ ಆಗಲೇ ಎದ್ದು ಗೆರೆಯ ತನಕ ಹೋಗಿದ್ದಳು. "ಕೌಲ್ ಆಗ್ಯದ," ಅಂದಳು ಮಗನಿಗೆ. "ಹೊರಗಿನವ ನಿಂದ್ರಬಾರದು."

"ಮತ್ತ ಯಾರು ನಿಂದ್ರಬೇಕು ಅವ್ವಾ? ಆಟ ಹೋಗ್ತದ."

"ನೀ ನಿಂದ್ರು. ಅಂವಾ ಬರೋತನಕ ನೀ ಕಾಯಿ."

ಹನ್ನೆರಡು ಹೆಸರಿನ ಪಟ್ಟಿ ತುಂಬಲು ಹುಡುಗರು ಸಾಲದೆ ಇವರ ಹೆಸರನ್ನೂ ಬರೆಸಿದ್ದರು, ಅದು ಇವರಿಗೇ ಮರೆತಿತ್ತು. ನಲವತ್ತು ದಾಟಿದ ಮನುಷ್ಯ, ಹೊಟ್ಟೆ ಬಂದಿದೆ, ಮಂಡಿ ನೋವಿಗೆ ಎಣ್ಣೆ ಹಚ್ಚುವವಳು ನಾನು. ತಂಡದ ಬನಿಯನ್ ಇಲ್ಲದೆ ಒಳಗೆ ಬಿಡುವುದಿಲ್ಲ ಅಂದರು ಪಂಚರು. ನಮ್ಮತ್ತಿ ಗಂಟು ಬಿಚ್ಚಿದಳು. ಒಂದು ಗಳಿಗೆ ಬನಿಯನ್ ಕೈಯಲ್ಲೇ ಹಿಡಿದು ನಿಂತಳು, ಆಮೇಲೆ ಕೊಟ್ಟಳು. ಅದು ಇವರ ಹೊಟ್ಟೆಯ ಮೇಲೆ ಬಿಗಿದು ನಿಂತಿತು. ಹಿಂದಿನ ಸಾಲಿನಿಂದ ಯಾರೋ, "ಕಾಯ್ ರಾವ್, ಸಾಸರಾ ಆಲಾ ಕೀ ಕಾಯ್?" ಅಂದರು, ಮಾವ ಬಂದನೇನು ಅಂತ. ನಗು ಎದ್ದಿತು. ಇವರು ಹೋಗಿ ಆ ಮೂಲೆಯಲ್ಲಿ ನಿಂತರು. ಹಿಂದಿನಿಂದ ನೋಡಿದರೆ, ಬೆನ್ನಿನ ಮೇಲಿನ ಆ ನಂಬರು ನೋಡಿದರೆ, ನನಗೂ ಮೈದುನನೇ ನಿಂತ ಹಾಗೆ ಕಂಡಿತು.

ಎದುರಾಳಿ ಒಳಗೆ ಬಂದವನೇ ಬಲಕ್ಕೆ ನುಗ್ಗಿ ಇವರ ಭುಜ ಮುಟ್ಟಿ ಹೋದ. ಇವರು ಔಟ್. ಹೋಗಿ ಗೆರೆಯ ಹೊರಗೆ ಚಕ್ಕಳಬಕ್ಕಳ ಹಾಕಿ ಕೂತರು. ಬೆನ್ನು ನೆಟ್ಟಗೆ, ಕೈ ಎರಡೂ ಮಡಿಲಲ್ಲಿ. ನಾವು ಹೊಲದಲ್ಲಿ ಕೂರಿಸಿ ಬಂದದ್ದು ಹೀಗೇ. ನಮ್ಮತ್ತಿ ಅಲುಗಾಡದೆ ನೋಡುತ್ತಿದ್ದಳು.

ಮುಂದಿನ ಸಲ ಕಾಲು ಎಡಗಡೆಗೆ ಬಂತು. ಆಟಗಾರ ಬಿಟ್ಟ. ಮತ್ತೊಮ್ಮೆ ಬಂತು, ಮತ್ತೆ ಬಿಟ್ಟ. ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತರು. ಆಗ ಕೂತಲ್ಲಿಂದಲೇ ಇವರು ಅವನಿಗೆ ಅಂದದ್ದು ನಮಗೆ ಸ್ಪಷ್ಟ ಕೇಳಿಸಿತು.

"ಹಿಡಿ ತಮ್ಮಾ. ನನಗ ಎಬ್ಬಿಸು."

ಅವನು ಹಿಡಿದ. ಹಿಡಿದ ಸದ್ದು ಕುರ್ಚಿಯ ತನಕ ಬಂತು. ಬಯಲೆಲ್ಲ ಕೂಗಿತು. ನಮ್ಮತ್ತಿ ಎದ್ದಳು, ನಾನೂ ಆಕೆಯ ತೋಳು ಹಿಡಿದು ಎದ್ದೆ. ಆ ಬನಿಯನ್ ತೊಟ್ಟವನು ಗೆರೆಯ ಹೊರಗಿನಿಂದ ಎದ್ದ. ಮಂಡಿಗೆ ಕೈ ಊರಿ, ಕಷ್ಟಪಟ್ಟು ಎದ್ದ. ಎದ್ದು ನಿಂತು ನಮ್ಮ ಕಡೆ ತಿರುಗಿದ. ಬೆವರಿದ ಮುಖ, ನರೆತ ಮೀಸೆ.

ನಮ್ಮತ್ತಿ ಬಹಳ ಹೊತ್ತು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಇಂವಾ ದೊಡ್ಡಾಂವ," ಅಂದಳು.

ಅಷ್ಟೇ ಅಂದದ್ದು. ಕೂತಳು. ಆಮೇಲೆ ಆಟಗಾರ ಎಷ್ಟು ಮಂದಿಯನ್ನು ಹಿಡಿದರೂ ಏಳಲಿಲ್ಲ. ಆ ಆಟ ನಾವು ಗೆದ್ದೆವು, ಮಧ್ಯಾಹ್ನದ ಆಟ ಸೋತೆವು. ತಿರುಗಿ ಬರುವಾಗ ಜೀಪಿನಲ್ಲಿ, ಮಗ ಹೋದಾಗಿನಿಂದ ಅಳದಿದ್ದವಳು ಅತ್ತಳು. ಬಾಯಿ ಬಿಟ್ಟು, ಹೆಸರು ಹಿಡಿದು ಅತ್ತಳು. ಮುಂದಿನ ಸೀಟಿನಲ್ಲಿ ಇವರು ತಿರುಗಿ ನೋಡಲಿಲ್ಲ, ಆದರೆ ಅವರ ಭುಜ ಕುಲುಕುತ್ತಿತ್ತು. ಹುಡುಗರು ಸೋತದ್ದಕ್ಕೆ ಅಂತ ತಿಳಿದು ಸಮಾಧಾನ ಹೇಳಿದರು. ಹೇಳಲಿ ಅಂತ ಸುಮ್ಮನಿದ್ದೆ. ಅಳು ಬಂದದ್ದನ್ನು ದೇವರ ದಯೆ ಅಂತ ನಾನು ಯಾರಿಗೆ ಹೇಳಲಿ?

ಈ ವರ್ಷ ಮತ್ತೆ ಸಭೆ ಕೂಡಿತು. ಬೀದರ ಕಡೆಯ ಆ ಆಟಗಾರನನ್ನು ತಿರುಗಿ ಕರೆಸಬೇಕೋ ಬೇಡವೋ. ರೇಟು ಏರಿದೆ, ನಿಲಂಗಾದ ಕಡೆಯವರೂ ಕೇಳುತ್ತಿದ್ದಾರೆ. ಅಧ್ಯಕ್ಷರು ಕೊಡಲು ತಯಾರಿದ್ದರು. ಕ್ಯಾಪ್ಟನ್ ಕೂಡ ಈ ಸಲ ಪತ್ರಾದ ಮಾತು ತೆಗೆಯಲಿಲ್ಲ. ಬಲ ಮೂಲೆಯಲ್ಲಿ ಈಗ ಕ್ಯಾಪ್ಟನ್ನೇ ನಿಲ್ಲುತ್ತಾನೆ, ಸರಿಯಾಗಿ ಹಿಡಿಯಲು ಬರುವುದಿಲ್ಲ. ಅಯ್ಯನವರು ಕೌಲಿನ ಹೆಸರೇ ಎತ್ತಲಿಲ್ಲ. ನಮ್ಮ ಮನೆಯವರು ಎದ್ದು ಒಳಗೆ ಬಂದು ತಾಯಿಯನ್ನೇ ಕೇಳಿದರು.

ಆಕೆ ಶೇಂಗಾ ಸುಲಿಯುತ್ತಿದ್ದಳು. "ಬ್ಯಾಡ," ಅಂದಳು.

"ಯಾಕವ್ವಾ? ಛಲೋ ಮನಷಾ ಇದ್ದಾನ."

"ಛಲೋ ಇದ್ದಾನ, ಅದಕ್ಕೇ ಬ್ಯಾಡ. ಅಂವಾ ಹಿಡದಾಗೊಮ್ಮಿ ಯಾರೋ ಏಳಬೇಕು ಅನಸ್ತದ. ಯಾರೂ ಏಳಲ್ಲ, ಗೊತ್ತದ ನನಗ. ಗೊತ್ತಿದ್ರೂ ಎದಿ ಏಳ್ತದ. ಹಿಡೀಲಾರದವರೇ ಆಡ್ಲಿ. ನಾ ಕುಂತು ನೋಡ್ತೀನಿ."

ಆಕೆಯೊಬ್ಬಳದೇ ಅಲ್ಲ ಈ ಮಾತು. ಅಂಗಳದಲ್ಲಿ ಹೋ ಅಂದಾಗ ನಾನು ಈಗಲೂ ಹೊಲದ ದಾರಿಯ ಕಡೆ ಮುಖ ಎತ್ತುವುದಿಲ್ಲ, ಹಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತೇನೆ. ಹೀಗಾಗಿ ಆಕೆ ಬೇಡ ಅಂದದ್ದೇ ನನ್ನ ಉಸಿರು ಹಗುರಾಯಿತು.

ಸಭೆ ಮುಗಿದ ಮೇಲೆ ಇವರು ಅಂಗಳಕ್ಕೆ ಹೋಗಿ ಅವನಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿ ಮಾತಾಡುವುದು ಇವರ ಚಾಳಿ, ನನಗೆ ಎರಡೂ ಕಡೆಯದು ಕೇಳುತ್ತಿತ್ತು. ಈ ಸಲ ಬೇಡ ಅಂತ ಮಂಡಳದವರು ಅಂದರು ಅಂತ ಇವರು ಹೇಳಿದರು. ಮಂಡಳ ಅಂದದ್ದಲ್ಲ ಅಂತ ಅವನಿಗೆ ತಿಳಿದಿರಬೇಕು.

"ಬರಾಬರ್ ಅದ ರೀ ಅಣ್ಣಾ," ಅಂದ. "ಆಯಿ ಉಂಡ್ರಾ?"

ಇವರು ಕಿಟಕಿಯ ಕಡೆ ನೋಡಿದರು. ನಾನು ತಲೆ ಆಡಿಸಿದೆ.

"ಉಂಡಾಳ," ಅಂದರು. "ಉಂಡು ಮಕ್ಕೊಂಡಾಳ."